ತಡವಾಗಿ ಬಂದ ಕೇಳುಗನ ಪಾಲು

ತಂಡ ಒಡೆದು, ಹಾಡುಗಾರರು ಚದುರಿದ ಮೇಲೆ ಅವರ ಸಂಗೀತಕ್ಕೆ ಮನಸೋತವನಿಗೆ ಸಿಗುವುದು ಪೂರ್ಣ ರಸವೇ, ಉಳಿಕೆಯೇ? ಆಲ್ಟರ್ನೇಟಿವ್ ಕಂಟ್ರಿ ರಾಕ್‌ಗೆ ದಾರಿ ತೆರೆದ ಅಮೆರಿಕದ ಅಂಕಲ್ ಟುಪೆಲೊ ತಂಡ 1994ರಲ್ಲೇ ಒಡೆಯಿತು. ಆದರೆ 1990ರ ಅದರ ಮೊದಲ ಆಲ್ಬಮ್ಮಿಗೆ ಹೆಸರು ಕೊಟ್ಟದ್ದು ಕಂಟ್ರಿ ಸಂಗೀತದ ಕಾರ್ಟರ್ ಕುಟುಂಬ 1936ರಲ್ಲಿ ಧ್ವನಿಮುದ್ರಿಸಿದ್ದ ಭಕ್ತಿಗೀತೆ. ಅಂದರೆ ಆ ತಂಡದವರೂ ಅರ್ಧ ಶತಮಾನ ತಡವಾಗಿ ಬಂದ ಕೇಳುಗರೇ. ನಮ್ಮಲ್ಲೂ ಹೀಗೆಯೇ. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳವನ್ನೇ ನೋಡಿ: ಯಕ್ಷಗಾನದ ಭಾಗವತರ ಬಾಯಲ್ಲಿರುವ ಎಷ್ಟೋ ಪದ್ಯಗಳ ಕವಿಗಳು ಎಂದೋ ತೀರಿಹೋದವರು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗವನ್ನು ಕುಮಟೆಯಲ್ಲೋ ಭಟ್ಕಳದಲ್ಲೋ ಇಂದು ಕೇಳುವವರೆಲ್ಲ ತಡವಾಗಿ ಬಂದವರೇ. ಪರಂಪರೆ ನಿಂತಿರುವುದೇ ಇಂಥವರಿಂದ.

ಯಕ್ಷಗಾನದ ಆಟ ಆ ರಾತ್ರಿಯದು, ಕಲಾವಿದರಾದ ಶಂಭು ಹೆಗಡೆಯವರು 2009ರಲ್ಲಿ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ ಹೋದ ಮೇಲೆ ವಿಡಿಯೊ ನೋಡಿ ಏನು ದಕ್ಕೀತು ಎಂಬ ಆಕ್ಷೇಪಕ್ಕೆ ತೂಕವಿದೆ. ಚಂಡೆಯ ಪೆಟ್ಟು ಎದೆಗೆ ತಾಗುವುದು, ಸಭೆಯನ್ನು ನೋಡಿ ಮಾತು ತಿರುಗುವುದು ಮುದ್ರಿಕೆಗೆ ಸಿಗದು. ಆ ನಷ್ಟವನ್ನು ಒಪ್ಪಲೇಬೇಕು. ಆದರೆ ನಷ್ಟವಾದದ್ದು ಸನ್ನಿಧಿ, ರಸವಲ್ಲ. ರಸಾನುಭವದಲ್ಲಿ ಭಾವವು ಇಂಥ ವ್ಯಕ್ತಿ, ಇಂಥ ಕಾಲ ಎಂಬ ಕಟ್ಟು ಕಳಚಿಕೊಳ್ಳುತ್ತದೆ ಎಂದು ಕಾವ್ಯಮೀಮಾಂಸಕ ಅಭಿನವಗುಪ್ತ ವಾದಿಸಿದ್ದು ಈ ಮಾತಿಗೇ ಒದಗುತ್ತದೆ. ತಡವಾಗಿ ಬಂದವನ ಒಲವು ಬರೀ ಹಳತಿನ ಮೋಹ ಎನ್ನುವವರೂ ಇದ್ದಾರೆ. ಮೋಹಕ್ಕೆ ನೆನಪು ಬೇಕು. ತಡವಾಗಿ ಬಂದವನಿಗೆ ಆ ಕಾಲದ ನೆನಪಿಲ್ಲ, ಗೆಳೆಯರ ಒತ್ತಾಯವಿಲ್ಲ, ಖ್ಯಾತಿಯ ಗದ್ದಲವೂ ಇಲ್ಲ. ಅವನನ್ನು ಹಿಡಿದು ನಿಲ್ಲಿಸಿದ್ದು ಹಾಡೊಂದೇ.