ಕಾಲುವೆ ತೋಡಿದವರ ಋಣ

ಶಾಲೆ ಆರಂಭವಾಗುವ ದಿನಗಳಲ್ಲಿ ನಮ್ಮ ಶಿಕ್ಷಕರ ಕೋಣೆಯಲ್ಲಿ ಪದೇ ಪದೇ ಕೇಳಿಬರುವ ಒಂದು ಶಬ್ದವಿದೆ: ಸೇತುಬಂಧ. ಹೊಸ ಪಾಠ ತೆಗೆಯುವ ಮೊದಲು ಹಿಂದಿನ ತರಗತಿಯಲ್ಲಿ ಕಲಿತದ್ದರಲ್ಲಿ ಮಕ್ಕಳಿಗೆ ಎಷ್ಟು ಉಳಿದಿದೆ, ಎಷ್ಟು ಅಳಿದಿದೆ ಎಂದು ನೋಡಿ, ಬಿಟ್ಟುಹೋದದ್ದನ್ನು ತುಂಬಿಕೊಡುವ ಕೆಲವು ದಿನಗಳ ಪಾಠವಿದು. ಮೊದಲು ನೈದಾನಿಕ ಪರೀಕ್ಷೆ, ನಂತರ ಪರಿಹಾರ ಬೋಧನೆ, ಕೊನೆಗೆ ಸಾಫಲ್ಯ ಪರೀಕ್ಷೆ. ಕಾಲೇಜಿನವರು ಇಂಥದಕ್ಕೇ ಬ್ರಿಜ್ ಕೋರ್ಸ್ ಎನ್ನುತ್ತಾರೆ, ಕೆಲವರು ಫೌಂಡೇಶನ್ ಕೋರ್ಸ್ ಎನ್ನುತ್ತಾರೆ. ಕೆಲಸಕ್ಕೆ ಸೇರಿಸಿಕೊಳ್ಳುವವರು ತರಬೇತಿ ಎನ್ನುತ್ತಾರೆ. ಹೆಸರು ಯಾವುದೇ ಇರಲಿ, ಇದರ ಹಿಂದೆ ಇರುವ ಒಂದು ಪ್ರಶ್ನೆಯನ್ನು ನಾವು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಸೇತುವೆ ಬೇಕಾಗಿರುವುದು ಯಾರ ಕೊರತೆಯಿಂದ? ದಾಟಬೇಕಾದ ಮಗುವಿನ ಕೊರತೆಯೋ, ನಡುವೆ ಹೊಳೆ ಹರಿಸಿದವರದೋ?

ಇದೇನು ಶಬ್ದದ ಜಗಳ ಎಂದು ನೀವು ಅನ್ನಬಹುದು. ಅಲ್ಲ. ಕೊರತೆ ಯಾರದು ಎಂದು ನಾವು ತೀರ್ಮಾನಿಸುತ್ತೇವೆಯೋ ಅದರ ಮೇಲೆ ಒಂದು ಮಗು ತನ್ನನ್ನು ತಾನು ಏನೆಂದು ಕರೆದುಕೊಳ್ಳುತ್ತದೆ ಎಂಬುದು ನಿಂತಿದೆ.

ನಮ್ಮ ಭಾಗದ ಸ್ಥಿತಿ ಹೇಳುತ್ತೇನೆ. ತಿಕೋಟಾ ಮತ್ತು ಬಬಲೇಶ್ವರ 2018ರಲ್ಲಿ ತಾಲ್ಲೂಕುಗಳಾದವು. ಆದರೂ ಸೈನ್ಸ್ ಓದಬೇಕೆನ್ನುವ ಮಕ್ಕಳಲ್ಲಿ ಬಹಳಷ್ಟು ಜನ ಈಗಲೂ ಬೆಳಗಿನ ಬಸ್ಸು ಹಿಡಿದು ವಿಜಯಪುರಕ್ಕೇ ಬರುತ್ತಾರೆ. ಹತ್ತನೆಯ ತರಗತಿಯವರೆಗೆ ಅವರು ಕಲಿತದ್ದು ಕನ್ನಡದಲ್ಲಿ. 2007ರಿಂದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಇದೆ ನಿಜ. ಆದರೆ ಅದು ಒಂದು ವಿಷಯವಾಗಿ ಇದೆ, ವಿಜ್ಞಾನದ ಭಾಷೆಯಾಗಿ ಇಲ್ಲ. ಪಿಯುಸಿಗೆ ಬಂದ ಮೊದಲ ದಿನವೇ ಪುಸ್ತಕ, ಪಾಠ, ಪ್ರಶ್ನೆ ಎಲ್ಲವೂ ಇಂಗ್ಲಿಷಿಗೆ ತಿರುಗುತ್ತವೆ. ನಿನ್ನೆಯವರೆಗೆ ಮಸೂರವಾಗಿದ್ದದ್ದು ಇವತ್ತು ಲೆನ್ಸ್. ವಕ್ರೀಭವನವಾಗಿದ್ದದ್ದು ರಿಫ್ರ್ಯಾಕ್ಷನ್. ಜಡತ್ವ ಇನರ್ಷಿಯಾ ಆಗುತ್ತದೆ, ದ್ಯುತಿಸಂಶ್ಲೇಷಣೆ ಫೋಟೋಸಿಂಥೆಸಿಸ್ ಆಗುತ್ತದೆ. ಗಿಡ ಅದೇ, ಬಿಸಿಲು ಅದೇ, ಎಲೆಯೂ ಅದೇ.

ತಿಕೋಟಾ ಕಡೆಯ ಒಬ್ಬ ಹುಡುಗಿಯ ಮಾತು ಹೇಳಬೇಕು. ದ್ರಾಕ್ಷಿ ತೋಟದಲ್ಲಿ ಕೂಲಿಗೆ ಹೋಗುವ ತಾಯಿಯ ಮಗಳು. ಹತ್ತನೆಯ ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಬೆಳಕಿನ ಕಿರಣ ಮಸೂರದಲ್ಲಿ ಹಾಯುವ ಚಿತ್ರವನ್ನು ಅಳತೆಪಟ್ಟಿ ಇಲ್ಲದೆ ಬರೆದು, ಬಿಂಬ ಎಲ್ಲಿ ಮೂಡುತ್ತದೆ ಎಂದು ಉಳಿದ ಮಕ್ಕಳಿಗೆ ಹೇಳಿಕೊಡುತ್ತಿದ್ದಳು. ಒಳ್ಳೆಯ ಅಂಕ ಬಂದವು. ನಗರದ ಒಂದು ಕಾಲೇಜಿಗೆ ಸೈನ್ಸಿಗೆ ಸೇರಿದಳು. ಅಲ್ಲಿ ಬ್ರಿಜ್ ಕೋರ್ಸ್ ಎಂಬುದು ಇತ್ತು. ಒಂದು ವಾರ. ಅದೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದವರನ್ನು ಹಿಂದಿನ ಬೆಂಚುಗಳಲ್ಲಿ ಬೇರೆ ಕೂಡಿಸಿದ್ದರಂತೆ. ದಸರೆಯ ರಜೆಯಲ್ಲಿ ನಮ್ಮ ಮನೆಗೆ ಬಂದು ಬಾಗಿಲ ಬಳಿಯೇ ನಿಂತಳು. ಒಳಗೆ ಬಾ ಎಂದರೆ ಬರಲಿಲ್ಲ.

“ಆರ್ಟ್ಸಿಗೆ ಹೋಗ್ತೀನ್ರಿ ಅಕ್ಕೋರ,” ಅಂದಳು.

“ಯಾಕವ್ವ? ಏನಾತು?”

“ನಾ ದಡ್ಡಿ ಅದೀನ್ರಿ. ನನಗ ತಿಳಿಯಂಗಿಲ್ಲ.”

ಹತ್ತು ವರ್ಷ ಶಾಲೆಯಲ್ಲಿ ಒಂದು ದಿನವೂ ಈ ಮಾತು ಅವಳ ಬಾಯಲ್ಲಿ ಬಂದಿರಲಿಲ್ಲ. ನಾಲ್ಕು ತಿಂಗಳಲ್ಲಿ ಅವಳು ಬೇರೆ ಏನು ಕಲಿತಳೋ ಇಲ್ಲವೋ, ಇದೊಂದನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ, ಅವಳ ತಾಯಿಯನ್ನೂ ಕರೆಸಿ ಹೇಳಿದೆ. ಆದರೆ ಮನಸ್ಸು ಮುರಿದಿತ್ತು. ಆರ್ಟ್ಸಿಗೆ ಹೋದಳು, ಡಿಗ್ರಿ ಮುಗಿಸಿದಳು, ಇವತ್ತು ಕೆಲಸದಲ್ಲಿದ್ದಾಳೆ, ಚೆನ್ನಾಗಿಯೇ ಇದ್ದಾಳೆ. ಹಾಗಾದರೆ ಅನ್ಯಾಯ ಏನಾಯಿತು ಎಂದು ಕೇಳುವವರಿದ್ದಾರೆ. ಆರ್ಟ್ಸ್ ಓದಿದ್ದು ಅನ್ಯಾಯವಲ್ಲ. ನಾನೂ ಆರ್ಟ್ಸ್ ಓದಿದವಳೇ. ತನ್ನ ಬಗ್ಗೆ ಒಂದು ಸುಳ್ಳನ್ನು ನಿಜವೆಂದು ನಂಬಿ ಅವಳು ಬದುಕುತ್ತಿದ್ದಾಳಲ್ಲ, ಅದು ಅನ್ಯಾಯ. ಈಗಲೂ ಸೈನ್ಸಿನ ಮಾತು ಬಂದರೆ, “ಅದು ಶ್ಯಾಣ್ಯಾರಿಗೆ ಬಿಡ್ರಿ” ಎಂದು ನಗುತ್ತಾಳೆ. ಹೋದ ಸೀಟು ಇನ್ನೊಂದು ಕಡೆ ಸಿಕ್ಕೀತು. ತನ್ನ ಮೇಲಿನ ನಂಬಿಕೆ ಯಾವ ಕಾಲೇಜಿನಲ್ಲಿ ಸಿಗುತ್ತದೆ?

ಕಾಲೇಜಿನವರನ್ನು ಕೇಳಿದರೆ, ಹೈಸ್ಕೂಲಿನಲ್ಲಿ ಏನು ಕಲಿಸಿದ್ದಾರೋ ಎನ್ನುತ್ತಾರೆ. ಹೈಸ್ಕೂಲಿನವರು ಪ್ರಾಥಮಿಕ ಶಾಲೆಯತ್ತ ಕೈ ತೋರಿಸುತ್ತಾರೆ. ಅವರು ಮನೆಯತ್ತ ತೋರಿಸುತ್ತಾರೆ, ತಾಯಿಗೇ ಓದು ಬರುವುದಿಲ್ಲ ಎನ್ನುತ್ತಾರೆ. ಎಲ್ಲಿಂದ ಹೊರಟರೂ ದೂರು ಕೊನೆಗೆ ಬಂದು ನಿಲ್ಲುವುದು ಒಬ್ಬ ತಾಯಿಯ ಹೊಸ್ತಿಲಲ್ಲಿ. ಹೆಣ್ಣುಮಕ್ಕಳಾದ ನಮಗೆ ಈ ಧಾಟಿ ಹೊಸದಲ್ಲ. ಅತ್ತೆಯ ಮನೆಗೆ ಬಂದ ಹೊಸದರಲ್ಲಿ ಅವರ ಮನೆಯ ಸಾರಿನ ಹದ, ಅವರ ದೇವರ ನೈವೇದ್ಯದ ಕ್ರಮ, ಯಾರಿಗೆ ಮೊದಲು ಬಡಿಸಬೇಕು ಎಂಬ ರೂಢಿ ತಿಳಿಯದೆ ನಿಂತಾಗ ಯಾರಾದರೂ ಕೈ ಹಿಡಿದು ತೋರಿಸಿದರೇ? “ತವರಾಗ ಏನ ಕಲಿಸಿ ಕಳಿಸ್ಯಾರ?” ಎಂದರು. ನಮಗೆ ಅಡಿಗೆ ಬರುತ್ತಿತ್ತು. ಆ ಮನೆಯ ಅಡಿಗೆ ಬರುತ್ತಿರಲಿಲ್ಲ, ಅಷ್ಟೇ. ಈ ಎರಡರ ನಡುವಿನ ವ್ಯತ್ಯಾಸ ತಿಳಿದ ಅತ್ತೆ ಸಿಕ್ಕವಳು ಪುಣ್ಯವಂತೆ. ಅದು ತಿಳಿದ ಮಾಸ್ತರು ಸಿಕ್ಕ ಮಗುವೂ ಹಾಗೆಯೇ.

ನಮ್ಮ ಕಡೆ ಈಗ ಎಲ್ಲಿ ನೋಡಿದರೂ ಕಾಲುವೆಗಳು. ಮುಳವಾಡ ಏತ ನೀರಾವರಿ, ತುಬಚಿ-ಬಬಲೇಶ್ವರ ಏತ ನೀರಾವರಿ ಎಂದು ಕೃಷ್ಣೆಯ ನೀರನ್ನು ಎತ್ತಿ ತಂದು ಬರದ ನೆಲಕ್ಕೆ ಹರಿಸಿದ್ದಾರೆ. ಕಾಲುವೆ ಬಂದದ್ದು ಒಳ್ಳೆಯದೇ, ಅದರಿಂದ ಊರು ಬದುಕಿವೆ. ಆದರೆ ಅದು ಒಬ್ಬ ರೈತನ ಹೊಲದ ನಡುವೆ ಹಾದುಹೋದಾಗ ಅವನ ಹೊಲ ಎರಡಾಗುತ್ತದೆ. ಮನೆ ಈಚೆ, ಅರ್ಧ ಹೊಲ ಆಚೆ. ಆಗ ಅವನು ಸೇತುವೆ ಕೇಳುತ್ತಾನೆ. “ನಿನಗ ಜಿಗಿಯಾಕ ಬರೂದಿಲ್ಲ, ಅದಕ್ಕ ಸೇತುವಿ ಬೇಕಾಗೇತಿ” ಎಂದು ಅವನಿಗೆ ಯಾರಾದರೂ ಹೇಳಿದರೆ ಊರೇ ನಕ್ಕೀತು. ಕಾಲುವೆ ತೋಡಿದವರು ಸೇತುವೆ ಕಟ್ಟಬೇಕು. ಅದು ಉಪಕಾರವಲ್ಲ, ಋಣ.

ನಮ್ಮ ಮಕ್ಕಳ ವಿಷಯವೂ ಇಷ್ಟೇ. ಹತ್ತನೆಯ ತರಗತಿಗೂ ಹನ್ನೊಂದನೆಯದಕ್ಕೂ ನಡುವೆ ಕಾಲುವೆ ತೋಡಿದವರು ದೊಡ್ಡವರು. ಹತ್ತು ವರ್ಷ ಒಂದು ಭಾಷೆಯಲ್ಲಿ ಕಲಿಸಿ ಹನ್ನೊಂದನೆಯ ವರ್ಷ ಭಾಷೆ ಬದಲಿಸಿದ್ದು ಮಕ್ಕಳಲ್ಲ. ಆದ್ದರಿಂದ ಬ್ರಿಜ್ ಕೋರ್ಸ್ ಎಂಬುದು ದುರ್ಬಲರಿಗೆ ತೋರಿಸುವ ಕರುಣೆಯಲ್ಲ. ಕರುಣೆ ಎಂದುಕೊಂಡು ಮಾಡಿದರೆ ಅದು ಒಂದು ವಾರದಲ್ಲಿ ಮುಗಿಯುತ್ತದೆ, ಹಿಂದಿನ ಬೆಂಚು ತೋರಿಸುತ್ತದೆ. ಋಣ ಎಂದು ತಿಳಿದು ಮಾಡಿದರೆ ತೀರುವವರೆಗೂ ನಡೆಯುತ್ತದೆ.

ಕಾಲುವೆಯನ್ನೇ ಮುಚ್ಚಿಬಿಡಬಾರದೇಕೆ ಎಂದು ಕೆಲವರು ಕೇಳುತ್ತಾರೆ. ಒಬ್ಬರು ಒಂದನೆಯ ತರಗತಿಯಿಂದ ಎಲ್ಲವೂ ಇಂಗ್ಲಿಷಾಗಲಿ ಎನ್ನುತ್ತಾರೆ, ಇನ್ನೊಬ್ಬರು ಕೊನೆಯವರೆಗೆ ಎಲ್ಲವೂ ಕನ್ನಡವಾಗಲಿ ಎನ್ನುತ್ತಾರೆ. 2021ರಲ್ಲಿ ಕನ್ನಡದಲ್ಲೇ ಎಂಜಿನಿಯರಿಂಗ್ ಕಲಿಸಲು ರಾಜ್ಯದ ನಾಲ್ಕು ಕಾಲೇಜುಗಳಿಗೆ ಅನುಮತಿ ಸಿಕ್ಕಿತು. ಅದರಲ್ಲಿ ನಮ್ಮ ವಿಜಯಪುರದ ಹಳಕಟ್ಟಿಯವರ ಹೆಸರಿನ ಕಾಲೇಜೂ ಒಂದು. ಮುಂದೆ ಬಂದ ಮಕ್ಕಳು ತೀರ ಕಡಿಮೆ. ಅವರನ್ನು ಬಯ್ಯಲಾರೆ. ನಾಳೆ ಕೆಲಸ ಕೊಡುವವನು ಯಾವ ಭಾಷೆಯಲ್ಲಿ ಪ್ರಶ್ನೆ ಕೇಳುತ್ತಾನೆ ಎಂಬುದು ತಂದೆತಾಯಿಗೆ ಗೊತ್ತು. ಈ ವಾದ ಇನ್ನೂ ಬಹಳ ವರ್ಷ ನಡೆದೀತು. ನಡೆಯಲಿ. ಆದರೆ ವಾದ ಮುಗಿಯುವವರೆಗೆ ಈ ವರ್ಷದ ಮಗು ದಡದಲ್ಲಿ ಕಾಯುತ್ತ ಕೂಡಲಾಗದು.

ನನ್ನ ತಮ್ಮ ಪಿಯು ಕಾಲೇಜಿನಲ್ಲಿ ಉಪನ್ಯಾಸಕ. ಅವನು ಹೇಳುವುದರಲ್ಲಿಯೂ ಸತ್ಯವಿದೆ. “ಅಕ್ಕಾ, ಒಂದು ವರ್ಗದಾಗ ಎಂಬತ್ತು ಹುಡುಗರು. ಸಿಲೆಬಸ್ ಮುಗಸಬೇಕು, ಸಿಇಟಿ ಐತಿ, ನೀಟ್ ಐತಿ. ನಾ ಒಂದು ತಿಂಗಳು ಶಬ್ದ ಹೇಳಕೋತ ಕುಂತರ ಉಳದವರ ಗತಿ ಏನು? ಅವರಿಗೆ ಅನ್ಯಾಯ ಅಲ್ಲೇನು?” ಹೌದು, ಸೇತುವೆಗೆ ಖರ್ಚಿದೆ. ಆದರೆ ಕಾಲುವೆಯ ಲೆಕ್ಕ ಹಾಕುವಾಗಲೇ ಸೇತುವೆಯ ಖರ್ಚನ್ನೂ ಅದರಲ್ಲಿ ಸೇರಿಸಬೇಕು, ರೈತನ ಕಿಸೆಯಿಂದ ತೆಗೆಯಬಾರದು. ಹಾಗೆಯೇ ಈ ಪಾಠದ ವೇಳೆ, ಹಣ, ಮಾಸ್ತರರು ಎಲ್ಲವೂ ವರ್ಷದ ಲೆಕ್ಕದಲ್ಲಿ ಮೊದಲೇ ಇರಬೇಕು. ಸಿಇಟಿ ಸೀಟುಗಳಲ್ಲಿ ಗ್ರಾಮೀಣ ಮಕ್ಕಳಿಗೆ ನೂರಕ್ಕೆ 15, ಕನ್ನಡ ಮಾಧ್ಯಮದವರಿಗೆ ನೂರಕ್ಕೆ 5 ಮೀಸಲಿದೆ. ಅದು ಆಚೆಯ ದಡದಲ್ಲಿ ಕಾದಿರಿಸಿದ ಜಾಗ. ದಡ ಮುಟ್ಟದವರಿಗೆ ಅದರಿಂದ ಏನು ಪ್ರಯೋಜನ?

ಇನ್ನೊಂದು ಮಾತು ಕೇಳುತ್ತೇವೆ. “ಫಲಾನೆಯವರ ಮಗ ಕನ್ನಡ ಶಾಲೆಯಲ್ಲೇ ಓದಿ ಡಾಕ್ಟರಾಗಲಿಲ್ಲವೇ? ಮನಸ್ಸಿದ್ದರೆ ಎಲ್ಲ ಆಗುತ್ತದೆ.” ತಿಕೋಟಾದಿಂದ ವಿಜಯಪುರಕ್ಕೆ ಬರುವ ದಾರಿಯಲ್ಲಿ ತೊರವಿ ಇದೆ. ಅಲ್ಲಿಯ ನರಸಿಂಹನ ಭಕ್ತನಾದ ಕುಮಾರ ವಾಲ್ಮೀಕಿ ಬರೆದ ರಾಮಾಯಣಕ್ಕೆ ಆ ಊರಿನ ಹೆಸರೇ ನಿಂತಿದೆ. ರಾಮಾಯಣದ ಕಥೆ ನಮಗೆಲ್ಲ ಗೊತ್ತು. ಸಮುದ್ರವನ್ನು ಹನುಮಂತ ಹಾರಿದ. ಅವನು ಹಾರಿದನೆಂದು ರಾಮ ಉಳಿದ ಕಪಿಗಳಿಗೆ, “ಅವನನ್ನು ನೋಡಿ ಕಲಿಯಿರಿ, ನೀವೂ ಹಾರಿರಿ” ಎನ್ನಲಿಲ್ಲ. ಸೇತುವೆ ಕಟ್ಟಿಸಿದ. ಹನುಮಂತನೂ ಕಲ್ಲು ಹೊತ್ತ. ಹಾರಬಲ್ಲ ಒಬ್ಬ ಇದ್ದಾನೆಂಬುದು ಸೇತುವೆ ಬೇಡವೆನ್ನಲು ಕಾರಣವಾಗದು. ಸಮುದ್ರದ ಅಗಲ ಎಷ್ಟೆಂದು ಅವನಿಂದ ನಮಗೆ ತಿಳಿಯುತ್ತದೆ, ಅಷ್ಟೇ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಲ್ಲ ಮಕ್ಕಳಿಗೂ ಕೊರತೆ ಬರೀ ಶಬ್ದದ್ದೇ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಭಿನ್ನರಾಶಿ ಬಾರದೆ ಹತ್ತನೆಯ ತರಗತಿ ದಾಟಿದ ಮಕ್ಕಳನ್ನು ನಾನು ಕಂಡಿದ್ದೇನೆ. ಅವರಿಗೆ ನಿನಗೆ ಎಲ್ಲ ಬರುತ್ತದೆ ಎಂದು ಬೆನ್ನು ತಟ್ಟುವುದು ಪ್ರೀತಿಯಲ್ಲ, ವಂಚನೆ. ನೈದಾನಿಕ ಪರೀಕ್ಷೆ ಇರುವುದು ಅದಕ್ಕೇ. ಡಾಕ್ಟರು ಜ್ವರ ಯಾವುದೆಂದು ತಿಳಿಯದೆ ಔಷಧ ಕೊಟ್ಟರೆ ಹೇಗೋ, ತಿಳುವಳಿಕೆಯ ಕೊರತೆಯನ್ನೂ ಶಬ್ದದ ಕೊರತೆಯನ್ನೂ ಒಂದೇ ಎಂದು ತಿಳಿಯುವುದು ಹಾಗೆ. ಒಂದನ್ನು ಇನ್ನೊಂದೆಂದು ಕರೆಯದಿರುವುದೇ ಕಲಿಸುವವರ ಮೊದಲ ಧರ್ಮ ಎಂದು ನಾನು ನಂಬಿದ್ದೇನೆ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಕಾಲೇಜು ಆರಂಭವಾಗುವವರೆಗೆ ಒಂದೆರಡು ತಿಂಗಳು ಬಿಡುವಿರುತ್ತದೆ. ನಮ್ಮ ಕಡೆ ಆ ಬಿಡುವಿನಲ್ಲೇ ಹೆಣ್ಣುಮಕ್ಕಳ ಬದುಕು ತಿರುಗುವುದು. ಯಾರೋ ಬಂದು ನೋಡಿ ಹೋಗುತ್ತಾರೆ, ಮನೆಯವರ ಮನಸ್ಸು ಅಲ್ಲಾಡುತ್ತದೆ. ಕೆಲವು ವರ್ಷಗಳಿಂದ ಆ ದಿನಗಳಲ್ಲಿ ಸಂಜೆ ನಮ್ಮ ಪಡಸಾಲೆಯಲ್ಲಿ ಏಳೆಂಟು ಹುಡುಗಿಯರು ಕೂಡುತ್ತಾರೆ. ಬಿ.ಎ., ಬಿ.ಎಡ್. ಓದಿದ ನನಗೆ ಫಿಸಿಕ್ಸ್ ಬರುವುದಿಲ್ಲ. ಅದೇ ಒಳ್ಳೆಯದಾಯಿತು. ಪಿಯುಸಿ ಪುಸ್ತಕದ ಇಂಗ್ಲಿಷ್ ವಾಕ್ಯ ನಾನು ಓದಿ ಅರ್ಥ ಹೇಳುತ್ತೇನೆ, ಅದರೊಳಗಿನ ವಿಷಯ ಅವರು ನನಗೆ ಹೇಳುತ್ತಾರೆ. ಒಂದು ಸಂಜೆ ಆಕ್ಸಿಲರೇಷನ್ ಎಂಬ ಶಬ್ದ ಬಂತು. ಬಬಲೇಶ್ವರದ ಕಡೆಯ ಹುಡುಗಿ ಸ್ವಲ್ಪ ಹೊತ್ತು ಪುಸ್ತಕ ನೋಡಿ, “ಅಯ್ಯ, ಇದು ನಮ್ಮ ವೇಗೋತ್ಕರ್ಷ ಅಲ್ರಿ ಅಕ್ಕೋರ!” ಅಂದಳು. ಬೀದಿಯಲ್ಲಿ ಹೋಗುವಾಗ ಬೇರೆ ಉಡುಪಿನಲ್ಲಿದ್ದ ಸೋದರಮಾವನನ್ನು ಗುರುತಿಸಿದಷ್ಟು ಸಂತೋಷ ಅವಳಿಗೆ.

‘ನಮ್ಮ’ ಅಂದಳಲ್ಲ, ಆ ಮಾತು ನನಗೆ ಸಾಕು. ತಾನು ಬರಿಗೈಯಲ್ಲಿ ಬಂದಿಲ್ಲ, ಗಂಟು ಕಟ್ಟಿಕೊಂಡೇ ಬಂದಿದ್ದೇನೆ ಎಂದು ತಿಳಿದ ಮಗು ಯಾವ ದಡದಲ್ಲಿಯೂ ತಲೆ ತಗ್ಗಿಸುವುದಿಲ್ಲ, ತಿಳಿಯದ್ದನ್ನು ಕೇಳಲು ಹೆದರುವುದಿಲ್ಲ. ಫೌಂಡೇಶನ್ ಎಂದರೆ ಅಡಿಪಾಯ. ಆ ಅಡಿಪಾಯವನ್ನು ಈ ಮಕ್ಕಳು ಆಗಲೇ ಹಾಕಿಕೊಂಡು ಬಂದಿರುತ್ತಾರೆ. ಅದನ್ನು ಅಗೆದು ತೆಗೆಯದೆ ಅದರ ಮೇಲೆ ಕಟ್ಟಬೇಕು. ನಿಮ್ಮ ಮನೆಯ ಮಗಳೋ, ಪಕ್ಕದ ಮನೆಯ ಕೆಲಸದವಳ ಮಗಳೋ ಈ ವರ್ಷ ಕಾಲೇಜಿನಿಂದ ಬಂದು “ನಾ ದಡ್ಡಿ” ಅಂದರೆ, ದಯವಿಟ್ಟು ಆ ಮಾತನ್ನು ಹಾಗೆಯೇ ಬಿಡಬೇಡಿ. ಪಕ್ಕದಲ್ಲಿ ಕೂಡಿಸಿಕೊಂಡು ಒಂದೇ ಪ್ರಶ್ನೆ ಕೇಳಿ: “ಇದು ಕನ್ನಡದಾಗ ನಿನಗ ಬರ್ತಿತ್ತೇನವ್ವ?”