ಮೂರನೇ ಮನೆ

ನಮ್ಮ ನ್ಯಾಮತಿ ಇನ್ನೂ ಹೊನ್ನಾಳಿ ತಾಲ್ಲೂಕಿನಲ್ಲೇ ಇದ್ದ ಕಾಲ. ತಮ್ಮ ಹುಟ್ಟಿದಾಗ ಅವನಿಗೆ ಎಣ್ಣೆ ಹಚ್ಚಿ ಎರೆಯೋಕೆ ಒಬ್ಬ ಅಜ್ಜಿಯನ್ನು ಕೇಳಿದ್ದರು. ಮಣೆ ಮೇಲೆ ಕೂತು, ಕಾಲು ನೀಡಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಹರಳೆಣ್ಣೆ ತಿಕ್ಕೋದರಲ್ಲಿ ಆಕೆಯದು ಎತ್ತಿದ ಕೈ. ಬರಲ್ಲ ಅಂದುಬಿಟ್ಟಳು. "ಬೆಳಗ್ಗೆ ಎರಡು ಮನಿ ಹಿಡಿದೀನಿ ನೋಡವ್ವ. ಮೂರನೇ ಮನಿಗೆ ಬಂದ್ರೆ ನನ್ನ ಕೈ ಬರ್ತಾವೆ, ನಾ ಬರಂಗಿಲ್ಲ." ಅಮ್ಮನಿಗೆ ಸಿಟ್ಟು. ಜಾಸ್ತಿ ಕೊಡ್ತೀವಿ ಅಂದರೂ ಕೇಳಲಿಲ್ಲವಂತೆ. ಆ ಅಜ್ಜಿಗೆ ಸೊಕ್ಕು ಅಂತಲೇ ನಾನು ನಂಬಿ ಬೆಳೆದೆ.

ಈಗ ಚನ್ನಗಿರಿಯ ಚಿಕ್ಕಮ್ಮನ ಮಗಳು ಬೆಂಗಳೂರಿನ ಒಂದು ಸ್ಪಾದಲ್ಲಿ ಥೆರಪಿಸ್ಟ್. ಸೇರಿ ಮೂರು ತಿಂಗಳಾಗಿರಲಿಲ್ಲ, ಫೋನ್ ಮಾಡಿದಳು: "ಅಕ್ಕಾ, ಹೆಬ್ಬೆರಳಿನ ಬುಡ ನೋಯ್ತಿದೆ. ಬಾಟ್ಲಿ ಮುಚ್ಚಳ ತೆಗೆಯಕ್ಕೂ ಆಗ್ತಿಲ್ಲ." ದಿನಕ್ಕೆ ಆರು ಜನ, ಶನಿವಾರ ಭಾನುವಾರ ಎಂಟು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಹತ್ತು ನಿಮಿಷ. ಬೆಡ್‌ಶೀಟ್ ಬದಲಿಸೋದು, ಕೈ ತೊಳೆಯೋದು, ನೀರು ಕುಡಿಯೋದು ಎಲ್ಲ ಅದರಲ್ಲೇ.

ನಾನು ಐಟಿಯವಳಲ್ವಾ, ತಕ್ಷಣ ಒಂದು ಧ್ಯಾನದ ಆ್ಯಪ್ ಕಳಿಸಿದೆ! ಮುಟ್ಟುವ ಮೊದಲು ಎರಡು ನಿಮಿಷ ನಿಂತು ಉಸಿರು ಗಮನಿಸು, ಬೆರಳಿಗಿಂತ ಮುಂಗೈ ಬಳಸು, ತೋಳಿನ ಬಲ ಬಿಟ್ಟು ಮೈಭಾರ ಹಾಕು, ಮೇಜು ತಗ್ಗಿಸಿಕೊ ಅಂತೆಲ್ಲ ಬರೆದೆ. ತಪ್ಪೇನಿರಲಿಲ್ಲ. ಅವಳ ಉತ್ತರ ಮಾತ್ರ ಹೀಗಿತ್ತು: "ಆ ಎರಡು ನಿಮಿಷ ಯಾರ ಲೆಕ್ಕದಿಂದ ತೆಗೀಲಿ ಅಕ್ಕಾ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಂತ ಕಾಳಜಿ ಅನ್ನೋ ಮಾತನ್ನು ನಾವು ಎಷ್ಟು ಸಲೀಸಾಗಿ ಹೇಳ್ತೀವಿ ನೋಡಿ. ಹತ್ತು ಜನರ ಕೆಲಸವನ್ನು ಒಬ್ಬರ ಮೇಲೆ ಹೇರಿ, ಆಮೇಲೆ ನೆಮ್ಮದಿಯಾಗಿರೋದನ್ನೂ ಅವರದೇ ಹನ್ನೊಂದನೇ ಕೆಲಸ ಮಾಡಿಬಿಡೋದು. ನಮ್ಮ ಆಫೀಸಿನಲ್ಲೂ ಇದೇ ತಾನೆ?

ಆದರೂ ಮಸಾಜ್‌ನಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಮಾರಾಟ ಆಗೋದು ಎಣ್ಣೆಯಲ್ಲ, ಗಮನ. ಬೆನ್ನಿನಲ್ಲಿ ಎಲ್ಲಿ ಗಂಟು ಕಟ್ಟಿದೆ, ಎಲ್ಲಿ ಒತ್ತಿದರೆ ಆ ಮನುಷ್ಯ ಉಸಿರು ಬಿಗಿಹಿಡಿತಾನೆ ಅಂತ ಕೈಗೆ ಗೊತ್ತಾಗಬೇಕು. ಬೆಳಗಿನ ಗಿರಾಕಿಗೂ ರಾತ್ರಿಯ ಗಿರಾಕಿಗೂ ಒಂದೇ ರೇಟು. ರಾತ್ರಿಯವನಿಗೆ ಸಿಗೋದು ಬರೀ ಕೈ. ಇದು ಮೋಸ ಅಲ್ಲವೇ? ಮೋಸವೇ ಅಂತ ನನಗನ್ನಿಸುತ್ತೆ. ಆದರೆ ಅದು ನನ್ನ ತಂಗಿ ಮಾಡ್ತಿರೋ ಮೋಸ ಅಲ್ಲ.

ಅಷ್ಟಾಂಗಹೃದಯದಲ್ಲಿ ವಾಗ್ಭಟ ದಿನಚರಿಯ ಅಧ್ಯಾಯದಲ್ಲೇ ಅಭ್ಯಂಗವನ್ನು ಹೇಳ್ತಾನೆ. ದಿನಾ ಮಾಡಬೇಕು, ತಲೆ, ಕಿವಿ, ಪಾದಕ್ಕೆ ವಿಶೇಷವಾಗಿ. ಸ್ಪಾಗಳ ಗೋಡೆ ಮೇಲೆ ಇದನ್ನು ಬರೆದಿರ್ತಾರೆ. ಅದರ ಬೆನ್ನಿಗೇ ಬರೋ ವ್ಯಾಯಾಮದ ಮಾತನ್ನು ಯಾರೂ ಬರೆಯಲ್ಲ: ಬಲವಂತನಾದವನೂ ಅರ್ಧ ಶಕ್ತಿಯಷ್ಟೇ ದಣಿಯಬೇಕು ಅಂತಾನೆ, ಅದೂ ಚಳಿಗಾಲ ಮತ್ತು ವಸಂತದಲ್ಲಿ. ಬಾಕಿ ದಿನ ಇನ್ನೂ ಕಡಿಮೆ. ಎಂಟು ಬೆನ್ನು ತಿಕ್ಕೋದಕ್ಕಿಂತ ದೊಡ್ಡ ವ್ಯಾಯಾಮ ಯಾವುದಿದೆ?

ತಂಗಿಯ ರೂಮ್‌ಮೇಟ್ ಜಗಳೂರಿನ ಹುಡುಗಿ. ಮೊದಲು ಪಂಚಕರ್ಮ ಕೇಂದ್ರವೊಂದರಲ್ಲಿದ್ದಳು. ಅಲ್ಲಿ ದ್ರೋಣಿಯ ಆಚೆ ಈಚೆ ಇಬ್ಬರು ನಿಂತು ಒಂದೇ ಲಯದಲ್ಲಿ ತಿಕ್ಕೋದರಿಂದ ಭಾರ ಹಂಚಿಹೋಗ್ತಿತ್ತಂತೆ. ಈಗ ಇಬ್ಬರೂ ರಾತ್ರಿ ರೂಮಿಗೆ ಬಂದು, ಬಿಸಿನೀರಲ್ಲಿ ಕೈ ಅದ್ದಿ, ಒಬ್ಬರ ಮುಂಗೈ ಇನ್ನೊಬ್ಬರು ಹತ್ತು ನಿಮಿಷ ತಿಕ್ತಾರೆ. ಮಾತಿಲ್ಲ, ಮೊಬೈಲ್ ಇಲ್ಲ. ನನ್ನ ಆ್ಯಪ್‌ಗಿಂತ ಅದು ಎಷ್ಟೋ ವಾಸಿ. ಆದರೆ ನೋವು ಪೂರ್ತಿ ಹೋಗಿಲ್ಲ. ನಡುವಿನ ಬಿಡುವನ್ನು ಇಪ್ಪತ್ತು ನಿಮಿಷ ಮಾಡಿ ಅಂತ ಕೇಳಿದ್ದಕ್ಕೆ ಮ್ಯಾನೇಜರ್ "ನೋಡೋಣ" ಅಂದಿದಾರೆ.

ಅಜ್ಜಿ ಬೇಡ ಅಂದಳು, ಇವಳು ಯಾಕೆ ಅನ್ನಲ್ಲ ಅಂತ ಕೇಳೋದು ಸುಲಭ. ಅಜ್ಜಿಗೆ ಪಿಜಿ ಬಾಡಿಗೆ ಇರಲಿಲ್ಲ. ಅಥವಾ ಆ 'ಬೇಡ'ಕ್ಕೆ ಅವಳೂ ಏನೋ ಕಳೆದುಕೊಂಡಿರಬಹುದು. ನಾವು ಕೇಳಲಿಲ್ಲ, ಬೈದುಕೊಂಡೆವು ಅಷ್ಟೇ.

ಹೋದ ವಾರ ಕತ್ತು ಹಿಡಿದಿತ್ತು. ಎಂದಿನಂತೆ ರಾತ್ರಿ ಎಂಟೂವರೆಗೆ ಬುಕ್ ಮಾಡಿ ಹೋದೆ, ನಾನು ಬಿಡುವಾಗೋದೇ ಆಗ. ಮಲಗೋ ಮೊದಲು ಕೇಳಿದೆ: "ಇವತ್ತು ನಾನು ಎಷ್ಟನೆಯವಳು?"

"ಏಳನೆಯವರು ಮೇಡಂ," ಅಂತ ನಕ್ಕಳು.

ಎದ್ದು ಹೋದರೆ ಅವಳ ಇನ್ಸೆಂಟಿವ್ ಹೋಗುತ್ತೆ. ಅರ್ಧ ಗಂಟೆ ಸಾಕು, ಮಿಕ್ಕಿದ್ದು ಕೂತ್ಕೊಳ್ಳಿ ಅಂದೆ. "ಆಗಲ್ಲ ಮೇಡಂ, ಒಂದು ಗಂಟೆ ಅಂತ ಸಿಸ್ಟಮ್‌ನಲ್ಲಿ ಎಂಟ್ರಿ ಆಗಿದೆ," ಅಂದು ಎಣ್ಣೆ ಬಿಸಿ ಮಾಡೋಕೆ ತಿರುಗಿದಳು. ನಾನು ಮಲಗಿದೆ.