ಬೆಲ್ಟ್ ಹೊಸದು

ನಾನು ಹೇಳಿದ್ದು ಎರಡೇ ಪದ. ಎರಡೂ ನಿಜ.

ನನ್ನ ಹಳೇ ಕಾರು ನೋಡೋಕೆ ಬಂದ ಹುಡುಗ ಬಾನೆಟ್ ಎತ್ತಿ, ಎಂಜಿನ್ ಪಕ್ಕದಲ್ಲಿ ಸುತ್ತುತ್ತಿದ್ದ ಕಪ್ಪು ಬೆಲ್ಟ್ ಕಡೆ ಬೆರಳು ತೋರಿಸಿ, "ಇದೆಲ್ಲಾ ಸರಿಯಾಗಿದ್ಯಾ ಸಾರ್?" ಅಂದ. "ಬೆಲ್ಟ್ ಹೊಸದು" ಅಂದೆ. ಆರು ತಿಂಗಳ ಹಿಂದಿನ ಬಿಲ್ಲನ್ನೂ ತೋರಿಸಿದೆ. ಅವನ ಮುಖ ಅರಳಿತು. ಮೊದಲ ಕಾರಂತೆ. ಮುಂದಿನ ವಾರ ಅಮ್ಮನನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಇಳಿದು ಊರಿಗೆ ಹೋಗ್ತಾನಂತೆ. ಅಡ್ವಾನ್ಸ್ ಕೊಟ್ಟು ಹೋದ.

ಇನ್ನು ನಾನು ಹೇಳದೇ ಬಿಟ್ಟದ್ದು.

ಕಳೆದ ಚಳಿಗಾಲದಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕಾರು ಗುಬ್ಬಿಮರಿ ಥರ ಚಿಂವ್ ಚಿಂವ್ ಅನ್ನುತ್ತಿತ್ತು. ಬೇಸ್‌ಮೆಂಟ್‌ನಲ್ಲಿ ಎಲ್ಲರೂ ತಿರುಗಿ ನೋಡೋರು. ಮೊದಲು ಬೆಲ್ಟಿಗೆ ಹೊಡೆಯೋ ಸ್ಪ್ರೇ ತಂದೆ. ನಾಲ್ಕು ದಿನ ಸದ್ದಿಲ್ಲ, ಐದನೇ ದಿನ ಮತ್ತೆ ಶುರು. ಆ ಅಂಟಿಗೆ ಧೂಳು ಮೆತ್ತಿಕೊಂಡು ಬೆಲ್ಟ್ ಇನ್ನೂ ಕೆಟ್ಟಿತು. ಆಮೇಲೆ ಬೆಲ್ಟನ್ನೇ ಬದಲಾಯಿಸಿದೆ. ಎರಡು ತಿಂಗಳು ಆರಾಮ. ಮತ್ತೆ ಅದೇ ಗುಬ್ಬಿ.

ಕೊನೆಗೆ ಪರಿಚಯದ ಮೆಕ್ಯಾನಿಕ್ ಹತ್ತಿರ ರಾತ್ರಿ ಕಾರು ಬಿಟ್ಟು ಬೆಳಿಗ್ಗೆ ಹೋದೆ. ಆತ ಎಂಜಿನ್ ಓಡುತ್ತಿರುವಾಗಲೇ ಬೆಲ್ಟಿನ ಗೀರುಗಳಿರೋ ಬದಿಗೆ ದೂರದಿಂದ ಒಂದಿಷ್ಟು ನೀರು ಚಿಮುಕಿಸಿದ. ಸದ್ದು ನಿಂತಿತು. ಕೆಲವು ಸೆಕೆಂಡಿನಲ್ಲಿ ವಾಪಸ್ ಬಂತು. "ಬೆಲ್ಟ್ ಸಡಿಲ ಇದ್ದಿದ್ರೆ ನೀರು ಬಿದ್ದಾಗ ಜೋರಾಗಿ ಕಿರುಚ್ತಿತ್ತು. ನಿಂತು ವಾಪಸ್ ಬಂತು ಅಂದ್ರೆ ಓರೆ ಓಡ್ತಿದೆ" ಅಂದ. ಎಂಜಿನ್ ಆಫ್ ಮಾಡಿ, ಬೆಲ್ಟ್ ಕಳಚಿ, ಪುಲ್ಲಿಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿದ. ಬೆಲ್ಟನ್ನು ಬಿಗಿಯಾಗಿ ಹಿಡಿದಿಡೋ ಟೆನ್ಷನರ್ ಪುಲ್ಲಿ ಮರಳು ತುಂಬಿದ ಹಾಗೆ ಕರಕರ ಅಂತು, ಸ್ವಲ್ಪ ಅಲ್ಲಾಡಿತು ಕೂಡ. ಬೇರಿಂಗ್ ಹೋಗಿತ್ತು. "ಅಳ್ತಿರೋದು ಬೆಲ್ಟು. ತಪ್ಪು ಇದರದ್ದು."

ಅದು ಪೂರ್ತಿ ಜಾಮ್ ಆದರೆ ಬೆಲ್ಟ್ ಕಿತ್ತುಹೋಗಬಹುದು. ನನ್ನ ಕಾರಿನಲ್ಲಿ ಆಲ್ಟರ್ನೇಟರ್, ಎಸಿ ಅಷ್ಟೇ ಅಲ್ಲ, ವಾಟರ್ ಪಂಪ್ ಕೂಡ ಅದೇ ಬೆಲ್ಟಿನಿಂದ ತಿರುಗೋದು. ಬೆಲ್ಟ್ ಹೋದರೆ ಬ್ಯಾಟರಿ ಚಾರ್ಜ್ ಆಗಲ್ಲ, ಎಂಜಿನ್ ಕಾದು ಕೂರುತ್ತೆ. ಮುಂದಿನ ತಿಂಗಳು ಮಾಡಿಸ್ತೀನಿ ಅಂದು ಬಂದೆ. ಅಷ್ಟರಲ್ಲಿ ಕಾರೇ ಮಾರೋಣ ಅನ್ನಿಸಿತು.

ಎಂಜಿನ್ ಬಿಸಿಯಾದ ಮೇಲೆ ಈ ಸದ್ದು ಬರೋದಿಲ್ಲ. ಅದಕ್ಕೇ ಹುಡುಗನಿಗೆ ಮಧ್ಯಾಹ್ನ ಮೂರಕ್ಕೆ ಬರೋಕೆ ಹೇಳಿ, ಅರ್ಧ ಗಂಟೆ ಮುಂಚೆ ಕಾರು ಒಂದು ಸುತ್ತು ಹಾಕಿಸಿ ತಂದಿದ್ದೆ. ಸ್ಪ್ರೇ ಮಾತ್ರ ಹೊಡೆಯಲಿಲ್ಲ. ಅಷ್ಟು ಕೀಳು ಮನುಷ್ಯ ನಾನಲ್ಲ ಅಂತ ನನ್ನ ಬಗ್ಗೆ ನನಗೇ ಒಳ್ಳೆ ಅಭಿಪ್ರಾಯ.

ರಾತ್ರಿ ಊಟಕ್ಕೆ ಕೂತಾಗ ತಟ್ಟಿತು: ಆ ಎರಡು ಪದವೇ ಸ್ಪ್ರೇ. ಸ್ಪ್ರೇಯಲ್ಲಿ ಸುಳ್ಳೇನೂ ಇರಲ್ಲ. ಅದು ಸದ್ದು ಅಡಗಿಸುತ್ತೆ, ಅಷ್ಟೇ. ನಾನು ಅಡಗಿಸಿದ್ದು ಅವನ ಅನುಮಾನವನ್ನ.

ಅಶ್ವತ್ಥಾಮನೆಂಬ ಆನೆ ಸತ್ತಿತೆಂದ ಧರ್ಮರಾಯನೂ ಇದನ್ನೇ ಮಾಡಿದ್ದು. ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ನೆಲಕ್ಕಿಳಿಯಿತಂತೆ. ಆದರೂ ಅವನು 'ಆನೆ' ಅಂತ ಮೆಲ್ಲಗಾದರೂ ಗೊಣಗಿದ. ನಾನು 'ಪುಲ್ಲಿ' ಅಂತ ಗೊಣಗಲೂ ಇಲ್ಲ.

ಸೆಕೆಂಡ್ ಹ್ಯಾಂಡ್ ಅಂದಮೇಲೆ ನೋಡಿಕೊಳ್ಳೋದು ಕೊಳ್ಳೋನ ಜವಾಬ್ದಾರಿ ತಾನೇ? ಅವನು ಕೇಳಿದ್ದಕ್ಕೆ ಉತ್ತರ ಕೊಟ್ಟೆನಲ್ಲ? ಹೀಗೂ ವಾದ ಮಾಡಿಕೊಂಡೆ. ಇಂಟರ್‌ವ್ಯೂಗಳಲ್ಲಿ, ಅಪ್ರೈಸಲ್‌ಗಳಲ್ಲಿ ನಾವೆಲ್ಲ ಹೀಗೇ ಬದುಕ್ತೀವಿ. ಆದರೆ ಆ ಹುಡುಗ ಬೆರಳು ತೋರಿಸಿದ್ದು ಬೆಲ್ಟಿಗೆ, ಕೇಳಿದ್ದು ಮಾತ್ರ 'ಈ ಕಾರನ್ನ ನಂಬಬಹುದಾ' ಅಂತ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಬೆರಳಿಗೆ ಉತ್ತರ ಕೊಟ್ಟೆ.

ನಮ್ಮೂರ ಹಿಟ್ಟಿನ ಗಿರಣಿ ನೆನಪಾಯಿತು. ಪಟ್ಟಾ ಜಾರಿದಾಗ ಗಿರಣಿಯವರು ಅದಕ್ಕೆ ರಾಳ ಹಚ್ಚೋರು. ಹಚ್ಚುತ್ತಲೇ, ರಾಗಿ ಚೀಲ ಹಿಡಿದು ನಿಂತ ನಮಗೆಲ್ಲ ಕೇಳೋ ಹಾಗೆ, "ಇದು ಇವತ್ತಿಗೆ ಮಾತ್ರ ಕಣ್ರಪ್ಪೋ, ನಾಳೆ ಗಿರಣಿ ಇಲ್ಲ" ಅನ್ನೋರು. ಅದೂ ತಾತ್ಕಾಲಿಕ ಉಪಾಯವೇ. ಆದರೆ ಯಾರಿಂದಲೂ ಮುಚ್ಚಿಟ್ಟಿದ್ದಲ್ಲ. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ, ಹಾಟ್‌ಫಿಕ್ಸ್ ಹಾಕೋದು ತಪ್ಪಲ್ಲ, ಹಾಕಿ ಟಿಕೆಟ್ ಕ್ಲೋಸ್ ಮಾಡೋದು ತಪ್ಪು.

ಒಂಬತ್ತೂವರೆಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ರಿಪೇರಿ ಮಾಡಿಸಿಯೇ ಕೊಡ್ತೀನಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಮಧ್ಯಾಹ್ನ ಕೇಳಿದ್ನಲ್ಲ ಸಾರ್" ಅಂದ.

ಬೈದಿದ್ದರೆ, ಚೌಕಾಸಿ ಮಾಡಿದ್ದರೆ ನನಗೂ ಹಗುರ ಆಗ್ತಿತ್ತು. ಅವನು ಎರಡನ್ನೂ ಮಾಡಲಿಲ್ಲ. ಅಡ್ವಾನ್ಸ್ ವಾಪಸ್ ಕೇಳಿದ, ಕಳಿಸಿದೆ. ನಿಜ ಹೇಳಿದ್ದಕ್ಕೆ ಬಹುಮಾನವೇನೂ ಸಿಗಲಿಲ್ಲ. ಸಿಗಬೇಕಾಗೂ ಇರಲಿಲ್ಲ, ಆರು ಗಂಟೆ ತಡವಾಗಿ ಹೇಳಿದ ನಿಜ ಅದು.

ಆ ವಾರವೇ ಪುಲ್ಲಿ ಬದಲಾಯಿಸಿದೆ. ಮುಂದೆ ಕಾರು ನೋಡೋಕೆ ಬಂದವರಿಗೆ ಬೆಳಿಗ್ಗೆ ಏಳಕ್ಕೆ ಬನ್ನಿ, ತಣ್ಣಗಿರುವಾಗಲೇ ನೀವೇ ಸ್ಟಾರ್ಟ್ ಮಾಡಿ ಅಂದೆ. ಅವರು ಬೆಲ್ಟಿನ ಬಗ್ಗೆ ಏನೂ ಕೇಳಲಿಲ್ಲ. ನಾನೇ ಬಾನೆಟ್ ಎತ್ತಿದೆ.